ಸಣ್ಣದಾದ್ರ ವಾಪಸ್ ತಗೊಂತೀರೋ ಇಲ್ಲೋ?

ಹೋದ ವರ್ಷ ದೀಪಾವಳಿಗೆ ಇನ್ನೂ ಇಪ್ಪತ್ತು ದಿನ ಇತ್ತು. ಲಿಂಗಸುಗೂರಿನಿಂದ ಒಬ್ಬ ಅಕ್ಕ ಫೋನ್ ಮಾಡಿದರು. ಮಗನಿಗೆ ಜೀನ್ಸ್ ಬೇಕಿತ್ತು. ನಮ್ಮ ವೆಬ್‌ಸೈಟ್ ನೋಡಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿರುವ 'ಟರ್ಮ್ಸ್ ಅಂಡ್ ಕಂಡೀಷನ್ಸ್' ಕೂಡ ಒತ್ತಿ ನೋಡಿದ್ದರು. ನಿಜ ಹೇಳ್ತೀನಿ, ಇಷ್ಟು ವರ್ಷದಲ್ಲಿ ಅದನ್ನು ಒತ್ತಿದವರು ಅಂತ ನನಗೆ ಗೊತ್ತಾದದ್ದು ಅವರೊಬ್ಬರೇ.

"ಅಣ್ಣಾರ, ಅಷ್ಟುದ್ದ ಇಂಗ್ಲಿಷ್‌ನಾಗ ಬರದೀರಿ. ನಮ್ಮ ಹುಡುಗನ ಕೈಲೆ ಓದಿಸಿದೆ, ಅವಂಗೂ ತಿಳೀಲಿಲ್ಲ. ಒಂದೇ ಮಾತು ಹೇಳ್ರಿ. ಪ್ಯಾಂಟ್ ಸಣ್ಣದಾದ್ರ ವಾಪಸ್ ತಗೊಂತೀರೋ ಇಲ್ಲೋ?"

"ತಗೋತೀವಕ್ಕ" ಅಂದೆ.

"ಹಂಗಂತ ಬರೀಬೇಕಿಲ್ಲೋ ಮತ್ತ?"

ಆ ರಾತ್ರಿ ನನ್ನ ಅಂಗಡಿಯ ನಿಯಮಗಳನ್ನು ನಾನೇ ಮೊದಲ ಸಲ ಪೂರ್ತಿ ಓದಿದೆ. 2021ರಲ್ಲಿ ಸೈಟ್ ಮಾಡಿಸುವಾಗ ಹೊರದೇಶದ ಯಾವುದೋ ಬಟ್ಟೆ ಅಂಗಡಿಯ ಪುಟದಿಂದ ಎತ್ತಿ, ಹೆಸರು ಮಾತ್ರ ಬದಲಾಯಿಸಿ ಹಾಕಿದ್ದೆ. ಒಂದು ಕಡೆ ಸಾಗಾಟದ ಖರ್ಚು ಪೌಂಡ್‌ನಲ್ಲಿತ್ತು. ಇನ್ನೊಂದು ಕಡೆ, ವ್ಯಾಜ್ಯ ಬಂದರೆ ಇಂಗ್ಲೆಂಡಿನ ಕೋರ್ಟೇ ತೀರ್ಮಾನ ಮಾಡತಕ್ಕದ್ದು ಅಂತ ಇತ್ತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹೊಲಿಸಿದ ಪ್ಯಾಂಟು, ಲಿಂಗಸುಗೂರಿನ ಗಿರಾಕಿ, ಜಗಳ ಆದರೆ ಇಂಗ್ಲೆಂಡಿಗೆ ಹೋಗಬೇಕಂತೆ! ಹೆಂಡತಿಗೆ ಓದಿ ಹೇಳಿದೆ. ಅವಳು ನಕ್ಕಳು. ಆಮೇಲೆ, "ನಾಚಿಕೆ ಆಗಲ್ವಾ?" ಅಂದಳು. ಆಯಿತು.

ನಮ್ಮದು ದೊಡ್ಡ ವ್ಯಾಪಾರ ಏನಲ್ಲ. ಬಳ್ಳಾರಿ ಜೀನ್ಸ್ ಅಂದರೆ ಹೊರಗಿನವರಿಗೆ ಒಂದು ಹೆಸರು. ಇಲ್ಲಿನವರಿಗೆ ಅದು ಕಟಿಂಗ್, ಹೊಲಿಗೆ, ವಾಷಿಂಗ್, ಗುಂಡಿ, ಇಸ್ತ್ರಿ ಅಂತ ಮನೆಮನೆಗೂ ಹಂಚಿಹೋದ ಕೆಲಸ. ಅಪ್ಪ ಹೋಲ್‌ಸೇಲ್ ಮಾಡುತ್ತಿದ್ದರು. ನಾನು ಅದರ ಜೊತೆಗೆ ಆನ್‌ಲೈನ್ ಶುರು ಮಾಡಿದೆ. ಆರ್ಡರ್ ನೋಡುವುದು ನಾನು, ಪ್ಯಾಕ್ ಮಾಡುವುದು ಹೆಂಡತಿ.

ಅಪ್ಪನ ಅಂಗಡಿಯಲ್ಲಿ ಒಂದು ತಗಡಿನ ಬೋರ್ಡ್ ಇತ್ತು. 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.' ಆ ಬೋರ್ಡಿನ ಕೆಳಗೇ ಕೂತು ಅಪ್ಪ ದಿನಾ ಒಂದೆರಡಾದರೂ ವಾಪಸ್ ತಗೊಳ್ಳುತ್ತಿದ್ದರು. ಬಂದವರ ಮುಖ ನೋಡುತ್ತಿದ್ದರು, ಬಟ್ಟೆ ತಿರುಗಿಸಿ ಹೊಲಿಗೆ ನೋಡುತ್ತಿದ್ದರು, "ಹೋಗ್ಲಿ, ಬೇರೆ ನೋಡಮ್ಮ" ಅನ್ನುತ್ತಿದ್ದರು. ಬೋರ್ಡ್ ಸುಮ್ನೆ ಇರುತ್ತಿತ್ತು. ನಿಯಮ ಗಡುಸು, ಮನುಷ್ಯ ಮೆತ್ತಗೆ. ಹಾಗೇ ನಡೆಯುತ್ತಿತ್ತು.

ಆನ್‌ಲೈನ್‌ನಲ್ಲಿ ಆ ಮನುಷ್ಯ ಇಲ್ಲ. ಬರೀ ಬೋರ್ಡ್ ಇದೆ. ಹಾಗಾಗಿ ಅಪ್ಪ ಬಾಯಲ್ಲಿ ಹೇಳುತ್ತಿದ್ದುದನ್ನು ನಾವು ಬರೆದೇ ಹೇಳಬೇಕು. ಅದನ್ನೂ ದುಡ್ಡು ಕಟ್ಟುವ ಮುಂಚೆ, ಗಿರಾಕಿಗೆ ತಿಳಿಯುವ ಭಾಷೆಯಲ್ಲಿ. ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಬರೆಯಲು ಕೂತಾಗ ಇದು ಎಷ್ಟು ಕಷ್ಟ ಅಂತ ಗೊತ್ತಾಯಿತು.

ಮೊದಲು ಸೈಜ್. ನಮ್ಮಲ್ಲಿ ವಾಪಸ್ ಬರುವ ಪ್ಯಾಂಟುಗಳಲ್ಲಿ ಹೆಚ್ಚಿನವು ಸೈಜ್ ಸಲುವಾಗಿಯೇ ಬರುತ್ತವೆ. ಚೀಟಿಯಲ್ಲಿ 32 ಅಂತ ಇರುತ್ತದೆ, ಟೇಪ್ ಹಿಡಿದರೆ ಒಂದು ಕಂಪನಿಯದು 33, ಇನ್ನೊಂದರದು 34. ಗಿರಾಕಿ ತಾನು ಹಾಕುವ ನಂಬರ್ ಒತ್ತುತ್ತಾನೆ. ಅವನ ತಪ್ಪಲ್ಲ. ಈಗ ನಮ್ಮ ಪುಟದಲ್ಲಿ ಹೀಗೆ ಬರೆದಿದ್ದೇವೆ: ನಿಮಗೆ ಸರಿಯಾಗಿ ಕೂರುವ ಹಳೇ ಪ್ಯಾಂಟ್ ತಗೊಳ್ಳಿ. ಗುಂಡಿ ಹಾಕಿ, ನೆಲದ ಮೇಲೆ ಹಾಸಿ, ಸೊಂಟದ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಅಳೆಯಿರಿ. ಹದಿನಾರೂವರೆ ಇಂಚು ಬಂದರೆ ನಿಮ್ಮ ಅಳತೆ 33. ಪಟ್ಟಿಯ ಮುಂಭಾಗ ಹಿಂಭಾಗಕ್ಕಿಂತ ಸ್ವಲ್ಪ ಕೆಳಗಿರುತ್ತೆ, ಎರಡನ್ನೂ ಸಮ ಮಾಡಿ ಹಿಡಿಯಿರಿ, ಇಲ್ಲದಿದ್ದರೆ ಅರ್ಧ ಇಂಚು ತಪ್ಪುತ್ತೆ. ಟೇಪ್ ಇಲ್ಲದಿದ್ದರೆ ದಾರ ಹಿಡಿದು, ಮಕ್ಕಳ ಸ್ಕೇಲಿನಲ್ಲಿ ಅಳೆಯಿರಿ. ಇದನ್ನು ಬರೆದ ಮೇಲೆ ವಾಪಸ್ ಬರುವುದು ನಿಂತಿಲ್ಲ, ಆದರೆ ಕಣ್ಣಿಗೆ ಕಾಣುವಷ್ಟು ಕಮ್ಮಿಯಾಗಿದೆ.

ಬೆಲೆ ವಿಷಯದಲ್ಲಿ ನಾನು ಮೊದಲು ಎಲ್ಲರ ಹಾಗೆ ಆಟ ಆಡುತ್ತಿದ್ದೆ. ಫೋಟೋ ಕೆಳಗೆ 599. ಕೊನೆಗೆ ದುಡ್ಡು ಕಟ್ಟುವ ಹೊತ್ತಿಗೆ ಡೆಲಿವರಿ, ಪ್ಯಾಕಿಂಗ್, ಅದು ಇದು ಸೇರಿ 710. ಇದು ಜಾಣತನ ಅಂದುಕೊಂಡಿದ್ದೆ. 2020ರ ಇ-ಕಾಮರ್ಸ್ ನಿಯಮಗಳಲ್ಲಿ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು, ಅದರಲ್ಲಿ ಯಾವುದಕ್ಕೆ ಎಷ್ಟು ಅಂತಲೂ ಬಿಡಿಸಿ ಹೇಳಬೇಕು ಅಂತ ಇದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಗಿರಾಕಿಗಳನ್ನು ಯಾಮಾರಿಸುವ 13 ಬಗೆಯ ಆಟಗಳ ಪಟ್ಟಿ ಮಾಡಿ ನಿಷೇಧಿಸಿತು. ನನ್ನ ಜಾಣತನವೂ ಆ ಪಟ್ಟಿಯಲ್ಲಿತ್ತು. 'ಇನ್ನು ಎರಡೇ ಪೀಸ್ ಉಳಿದಿವೆ' ಅಂತ ಸುಳ್ಳು ಹೇಳುವುದೂ ಇತ್ತು. ಅದನ್ನೂ ನಾನು ಮಾಡಿದ್ದೆ, ಮುಚ್ಚಿಡುವುದು ಯಾಕೆ.

"ಆ ಕಾನೂನೆಲ್ಲ ದೊಡ್ಡ ಕಂಪನಿಗೆ, ನಮ್ಮಂಥವರಿಗೆ ಯಾರು ಕೇಳ್ತಾರೆ" ಅಂತ ಪಕ್ಕದ ಅಂಗಡಿಯ ಗೆಳೆಯ ಹೇಳುತ್ತಾನೆ. ನಾನೂ ಹಾಗೇ ನಂಬಿದ್ದೆ. ಆದರೆ ಆ ನಿಯಮಗಳಲ್ಲಿ ಬಿಟ್ಟಿರುವುದು ಯಾವಾಗಲೋ ಒಮ್ಮೆ ಮನೆಯ ಹಳೇ ಸಾಮಾನು ಮಾರುವಂಥವರನ್ನು. ದಿನಾ ಇದೇ ವ್ಯಾಪಾರ ಮಾಡುವವನು ಚಿಕ್ಕವನಾದರೂ ಒಳಗೇ ಬರುತ್ತಾನೆ. ಅಂಗಡಿಯ ವಿಳಾಸ, ಫೋನ್ ನಂಬರ್, ದೂರು ಕೇಳುವವರ ಹೆಸರು ಸೈಟ್‌ನಲ್ಲಿ ಇರಬೇಕು. ದೂರು ಬಂದರೆ 48 ಗಂಟೆಯೊಳಗೆ 'ಸಿಕ್ಕಿದೆ' ಅನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನಮ್ಮ ಮನೆಯ ದೂರು ಅಧಿಕಾರಿ ನನ್ನ ಹೆಂಡತಿ. ಗಿರಾಕಿಗಳಿಗಿಂತ ಜಾಸ್ತಿ ದೂರು ಅವಳದೇ.

ಕಾನೂನು ಓದಲು ಕೂತದ್ದು ಅಕ್ಕನ ಫೋನಿನಿಂದ ಮಾತ್ರ ಅಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಅಮ್ಮನಿಗೆ ಅಂತ ಒಂದು ಆನ್‌ಲೈನ್ ಅಂಗಡಿಯಿಂದ ಕೂಲರ್ ತರಿಸಿದ್ದೆ. ಬಳ್ಳಾರಿಯ ಏಪ್ರಿಲ್ ಗೊತ್ತಲ್ಲ, ಮಧ್ಯಾಹ್ನ ಗೋಡೆ ಮುಟ್ಟಿದರೆ ಕೈ ಎಳೆದುಕೊಳ್ಳಬೇಕು. ಐದು ದಿನದಲ್ಲಿ ಬರುತ್ತೆ ಅಂತ ಇತ್ತು. ಪೂರ್ತಿ ದುಡ್ಡು ಮೊದಲೇ ಕಟ್ಟಿದ್ದೆ. ಆರನೇ ದಿನ ಮೆಸೇಜ್ ಬಂತು: 'ಡೆಲಿವರಿಗೆ ಬಂದಿದ್ದೆವು, ಮನೆಯಲ್ಲಿ ಯಾರೂ ಇರಲಿಲ್ಲ.' ಅಮ್ಮ ಹೊರಗೆ ಕಟ್ಟೆ ಮೇಲೇ ಕೂತಿದ್ದರು. ಎಂಟನೇ ದಿನವೂ ಅದೇ ಮೆಸೇಜ್. ಕೂಲರ್ ಬಂದದ್ದು ಮೇ ಕೊನೆಗೆ, ನೀರಿನ ಟ್ಯಾಂಕ್ ಸೀಳಿತ್ತು. ವಾಪಸ್ ಅಂದರೆ, 'ನಾವು ಕೊಟ್ಟದ್ದು ಅಂದಾಜು ತಾರೀಕು, ಬಾಕ್ಸ್ ಬಿಚ್ಚುವ ವಿಡಿಯೋ ಇಲ್ಲ, ಆಗಲ್ಲ' ಅಂದರು. ಎಪ್ಪತ್ತು ವರ್ಷದ ಅಮ್ಮ ಒಂದು ಕೈಯಲ್ಲಿ ಬ್ಲೇಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ವಿಡಿಯೋ ಮಾಡಬೇಕಿತ್ತಂತೆ.

1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಆರ್ಡರ್ ನಂಬರ್, ಬಿಲ್, ಸೀಳಿದ ಟ್ಯಾಂಕಿನ ಫೋಟೋ ಕೊಟ್ಟೆ. ಅವರು ಕಂಪನಿಗೆ ದೂರು ದಾಟಿಸಿದರು. ಎರಡು ವಾರದಲ್ಲಿ ದುಡ್ಡು ಬಂತು. ಮಾಲು ಕೆಟ್ಟಿದ್ದರೆ, ತೋರಿಸಿದ್ದೇ ಒಂದು ಬಂದದ್ದೇ ಒಂದಾದರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದರೆ, ವಾಪಸ್ ಇಲ್ಲ ಅನ್ನುವ ಹಾಗಿಲ್ಲ ಅಂತ ಆಗಲೇ ನನಗೆ ಗೊತ್ತಾದದ್ದು. ನೆರೆ ಗಿರೆ ಬಂದು ತಡವಾದರೆ ಅದು ಬೇರೆ ಮಾತು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ: ಕೆಟ್ಟ ಮಾಲಿನ ದುಡ್ಡು ಎಷ್ಟು ದಿನದಲ್ಲಿ ವಾಪಸ್ ಅಂತ ಬಿಲ್ಲಿನಲ್ಲಿ ಬರೆದಿಲ್ಲದಿದ್ದರೆ 30 ದಿನದೊಳಗೆ ಕೊಡಬೇಕು. ಅಪ್ಪನ ತಗಡಿನ ಬೋರ್ಡಿಗೆ, ಕೆಟ್ಟ ಮಾಲಿನ ಮಟ್ಟಿಗಂತೂ, ಮೂರು ಕಾಸಿನ ಬೆಲೆ ಇಲ್ಲ.

1915ರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನೀವು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಇದು ನನ್ನ ಗಿರಾಕಿಗೂ ಗೊತ್ತಿರಲಿ. ರಾಯಚೂರಿನವರು ರಾಯಚೂರಲ್ಲೇ ನನ್ನ ಮೇಲೆ ದೂರು ಹಾಕಬಹುದು. ಇಂಗ್ಲೆಂಡಿನ ಕೋರ್ಟು ಬೇಡ.

ಇನ್ನು ದುಡ್ಡು. ಮನೆಗೆ ಬಂದ ಮೇಲೆ ದುಡ್ಡು ಕೊಡುವ ಸಿಒಡಿ ನನಗೆ ನುಂಗಲಾರದ ತುತ್ತು. ಹತ್ತು ಆರ್ಡರ್‌ನಲ್ಲಿ ಒಂದೆರಡು ಬಾಗಿಲಿಂದಲೇ ವಾಪಸ್ ಬರುತ್ತವೆ. 'ಮಗ ಆರ್ಡರ್ ಮಾಡಿದ್ದ, ನಮಗೆ ಬ್ಯಾಡ' ಅನ್ನುತ್ತಾರೆ. ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ನನ್ನ ತಲೆಗೆ. ತಗೊಂಡ ಆರ್ಡರಿನ ದುಡ್ಡು ಕೊರಿಯರ್‌ನವರಿಂದ ನನ್ನ ಖಾತೆಗೆ ಬರಲು ವಾರದ ಮೇಲೆ ಹಿಡಿಯುತ್ತೆ. ಸಿಒಡಿ ತೆಗೆದುಬಿಡಿ ಅಂತ ಎಲ್ಲರೂ ಹೇಳುತ್ತಾರೆ. ತೆಗೆಯಲ್ಲ. ಅಪ್ಪನ ಕಾಲದಲ್ಲಿ ವಿ.ಪಿ. ಪಾರ್ಸೆಲ್ ಇತ್ತು. ಪೋಸ್ಟ್‌ಮ್ಯಾನ್ ಕೈಗೆ ದುಡ್ಡಿಟ್ಟರೆ ಪಾರ್ಸೆಲ್. ಕಾಣದ ಅಂಗಡಿಗೆ ಮೊದಲೇ ದುಡ್ಡು ಕೊಡಲು ನಮ್ಮ ಜನ ಅಂದೂ ಹಿಂಜರಿದರು, ಇಂದೂ ಹಿಂಜರಿಯುತ್ತಾರೆ. ಆ ಕೂಲರ್ ಆದ ಮೇಲೆ ನಾನೂ ಅವರಲ್ಲೊಬ್ಬ. ಈಗ ಸಿಒಡಿಗೆ 40 ರೂಪಾಯಿ ಜಾಸ್ತಿ ಅಂತ ಮೊದಲೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಕಳಿಸುವ ಮುಂಚೆ ಒಂದು ಫೋನ್ ಮಾಡುತ್ತೇನೆ. ಸುಮ್ನೆ ಒತ್ತಿದವರು ಅಲ್ಲೇ ಗೊತ್ತಾಗುತ್ತಾರೆ.

ಯುಪಿಐನಲ್ಲಿ ಕಟ್ಟುವವರ ಗೋಳು ಬೇರೆ. ಅವರ ಖಾತೆಯಿಂದ ಹೋಗಿರುತ್ತೆ, ನನಗೆ ಬಂದಿರಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್: "ದುಡ್ಡು ನುಂಗಿಬಿಟ್ರಲ್ಲ!" ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಇದಕ್ಕೆ ಗಡುವು ಹಾಕಿದೆ. ಅಂಗಡಿಗೆ ಕಟ್ಟಿದ ಯುಪಿಐ ದುಡ್ಡು ಹೀಗೆ ನಡುವೆ ಸಿಕ್ಕಿಕೊಂಡರೆ, ಕಟ್ಟಿದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ಆಗದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ಇದನ್ನೂ ಪುಟದಲ್ಲಿ ಬರೆದೆ. ರಾತ್ರಿಯ ಫೋನ್ ಕಮ್ಮಿಯಾದವು.

ಒಬ್ಬರು ವಾಟ್ಸಾಪ್‌ನಲ್ಲಿ ತಮ್ಮ ಎಟಿಎಂ ಕಾರ್ಡಿನ ಫೋಟೋ ಕಳಿಸಿ, "ನೀವೇ ಕಟ್ ಮಾಡ್ಕೊಳ್ರಿ" ಅಂದಿದ್ದರು. ಹಿಂದೆ ಮುಂದೆ ಎರಡೂ ಕಡೆ! ಕೂಡಲೇ ಅಳಿಸಿ ಅಂದೆ. 2022ರ ಅಕ್ಟೋಬರ್‌ನಿಂದ ಅಂಗಡಿಯವರು ಕಾರ್ಡ್ ನಂಬರ್ ಉಳಿಸಿಟ್ಟುಕೊಳ್ಳುವ ಹಾಗೇ ಇಲ್ಲ. ಇನ್ನೊಬ್ಬರಿಗೆ ನಮ್ಮ ಅಂಗಡಿ ಹೆಸರು ಹೇಳಿ ಯಾರೋ ಫೋನ್ ಮಾಡಿ, ರೀಫಂಡ್‌ಗೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದಿದ್ದರಂತೆ. ದುಡ್ಡು ಬರಲು ಪಿನ್ ಬೇಕಾಗಿಲ್ಲ, ಪಿನ್ ಹಾಕಿದರೆ ಹೋಗುವುದೇ. ಹೋದರೆ ತಡಮಾಡದೆ 1930ಕ್ಕೆ, ಅಂದರೆ ಸೈಬರ್ ವಂಚನೆಯ ಸಹಾಯವಾಣಿಗೆ, ಫೋನ್ ಮಾಡಿ.

ವಿಳಾಸದ ವಿಷಯ ಬರೆದರೆ ಅದೇ ಒಂದು ಪುರಾಣ. 'ಗುಡಿ ಹಿಂದೆ, ಗಿರಣಿ ಪಕ್ಕ' ಅಂತ ಬರೆಯುತ್ತಾರೆ, ಅದು ತಪ್ಪಲ್ಲ, ಡೆಲಿವರಿ ಹುಡುಗನಿಗೆ ಅದೇ ಬೇಕು. ಪಿನ್‌ಕೋಡ್ ಮಾತ್ರ ಎರಡು ಸಲ ನೋಡಿ. ಬಳ್ಳಾರಿ 583101, ರಾಯಚೂರು 584101. ಒಂದೇ ಅಂಕಿ ತಪ್ಪಿದ್ದಕ್ಕೆ ಬ್ರೂಸ್‌ಪೇಟೆಗೆ ಹೋಗಬೇಕಾದ ಪ್ಯಾಂಟ್ ತುಂಗಭದ್ರೆ ದಾಟಿ ರಾಯಚೂರು ಸುತ್ತಿ ಬಂದಿದೆ. ಗಿರಾಕಿಯ ಮನೆ ನಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ದೂರ.

ಹೊಸ ಪುಟ ಈಗ ಕನ್ನಡದಲ್ಲಿದೆ. ಮೊದಲ ಸಾಲು: 'ಸಣ್ಣದಾದರೆ ಏಳು ದಿನದಲ್ಲಿ ವಾಪಸ್ ಕಳಿಸಿ, ಬೇರೆ ಸೈಜ್ ಕಳಿಸುತ್ತೇವೆ.' ಎರಡನೇ ಸಾಲು: 'ಹಾಕಿಕೊಂಡು ತಿರುಗಿದ್ದರೆ, ಒಗೆದಿದ್ದರೆ ತಗೊಳ್ಳುವುದಿಲ್ಲ.' ಲಿಂಗಸುಗೂರಿನ ಅಕ್ಕನಿಗೆ ಲಿಂಕ್ ಕಳಿಸಿದೆ. "ಈಗ ತಿಳೀತು ನೋಡ್ರಿ" ಅಂದರು. 30ರ ಒಂದು ಪ್ಯಾಂಟ್ ತರಿಸಿದರು.

ಆರು ದಿನಕ್ಕೆ ಅದೇ ಪ್ಯಾಂಟ್ ವಾಪಸ್ ಬಂತು. ಸಣ್ಣದಾಗಿತ್ತಂತೆ. ಮಡಿಸಿದ್ದು ಚೆಂದ ಇತ್ತು, ಚೀಟಿಯೂ ಇತ್ತು. ಹೆಂಡತಿ ಜೇಬಿಗೆ ಕೈ ಹಾಕಿ ಒಂದು ಬಸ್ ಟಿಕೆಟ್ ತೆಗೆದಳು. ಲಿಂಗಸುಗೂರಿನಿಂದ ರಾಯಚೂರಿಗೆ. ತಾರೀಕು ನೋಡಿದರೆ ಪ್ಯಾಂಟ್ ಮುಟ್ಟಿದ ಮರುದಿನದ್ದು. ಹುಡುಗ ಹೊಸ ಪ್ಯಾಂಟ್ ಹಾಕಿಕೊಂಡು ರಾಯಚೂರು ನೋಡಿಕೊಂಡು ಬಂದಿದ್ದ. ಅಮ್ಮನಿಗೆ ಹೇಳಿರಲಿಕ್ಕಿಲ್ಲ.

"ಈಗೇನ್ ಮಾಡ್ತೀರಿ? ನಿಮ್ಮ ಎರಡನೇ ಸಾಲು ಓದ್ರಿ" ಅಂದಳು ದೂರು ಅಧಿಕಾರಿ.

32 ಕಳಿಸಿದೆ. ಟಿಕೆಟ್ ಅದರ ಜೇಬಿನಲ್ಲೇ ಇಟ್ಟೆ.