ವ್ಯಾಕ್ಯೂಮ್ ಕ್ಲೀನರಿನ ವ್ಯಾಟ್ ನೋಡಿ ತೀರ್ಮಾನಿಸಬೇಡಿ

5 ಸಾವಿರದ ಬ್ಯಾಗ್‌ಲೆಸ್ (ಧೂಳು ಚೀಲದ ಬದಲು ಡಬ್ಬಿಗೆ ಬೀಳುವ) ವ್ಯಾಕ್ಯೂಮ್ ಕ್ಲೀನರ್‌ಗೂ 30 ಸಾವಿರದ್ದಕ್ಕೂ ಇರುವ ವ್ಯತ್ಯಾಸ ಬರೀ ಬ್ರ್ಯಾಂಡಿನದ್ದು ಎಂದು ಲೇಖನವೊಂದರಲ್ಲಿ ಲೇಖಕರು ಎರಡರ ವ್ಯಾಟ್ ಹೋಲಿಸಿ ಬರೆದಿದ್ದಾರೆ. ಟೈಲ್ಸ್ ನೆಲದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಅವರು ಹೋಲಿಸಿರುವ ವ್ಯಾಟ್, ಮೋಟಾರು ಎಳೆಯುವ ಕರೆಂಟಿನ ಲೆಕ್ಕ; ಧೂಳು ಎಳೆಯುವ ಶಕ್ತಿಯದ್ದಲ್ಲ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಒಂದೇ ಸೈಕ್ಲೋನ್ (ಗಾಳಿಯನ್ನು ಗಿರ್ರನೆ ಸುತ್ತಿಸಿ ಧೂಳನ್ನು ಬೇರ್ಪಡಿಸುವ ಭಾಗ) ಇರುತ್ತದೆ. ಸಣ್ಣ ಧೂಳು ಗಾಳಿಯಿಂದ ಬೇರೆಯಾಗದೆ ನೇರ ಫಿಲ್ಟರಿಗೆ ಹೋಗಿ ಕೂರುತ್ತದೆ. ನಮ್ಮನೆಯದರಲ್ಲಿ ಹಾಸಿಗೆ, ಸೋಫಾ ಮುಗಿಯುವಷ್ಟರಲ್ಲಿ ಫಿಲ್ಟರಿನ ಮಡಿಕೆಗಳಲ್ಲಿ ಮೈದಾಹಿಟ್ಟಿನಂಥ ಬೂದು ಪುಡಿ ಮೆತ್ತಿಕೊಂಡು ಎಳೆತವೇ ಕುಗ್ಗಿಬಿಡುತ್ತದೆ. ತೊಳೆದರೆ ಪೂರ್ತಿ ಒಣಗಲು ಒಂದು ದಿನ ಬೇಕು, ಮಳೆಗಾಲದಲ್ಲಿ ಕೇಳಲೇಬೇಡಿ. ದುಬಾರಿ ಯಂತ್ರಗಳಲ್ಲಿ ಸಾಲಾಗಿ ಸಣ್ಣ ಸೈಕ್ಲೋನ್‌ಗಳನ್ನು ಇಟ್ಟಿರುವುದು ಇದಕ್ಕೇ. ಮನೆಯಲ್ಲಿ ಉಬ್ಬಸದವರಿದ್ದರೆ ಮಾತ್ರ, ದಯವಿಟ್ಟು, ಬ್ಯಾಗ್ ಇರುವ, ಹೆಪಾ (ಅತಿ ಸಣ್ಣ ಧೂಳನ್ನೂ ಹಿಡಿಯುವ) ಫಿಲ್ಟರಿನದ್ದನ್ನೇ ತೆಗೆದುಕೊಳ್ಳಿ. ಬ್ಯಾಗ್‌ಲೆಸ್ ಡಬ್ಬಿ ಖಾಲಿ ಮಾಡುವಾಗ ಏಳುವ ಧೂಳು ಸೀದಾ ಮೂಗಿಗೇ ಬರುತ್ತದೆ.