ಈಡಿಪಸ್ ಹಾಳಾಗಿದ್ದು ತನ್ನ ಸ್ವಭಾವದಿಂದಲೇ?

ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ನಾಟಕದಲ್ಲಿ ಥೀಬ್ಸ್‌ನ ದೊರೆ ಈಡಿಪಸ್ ಗೊತ್ತಿಲ್ಲದೆ ತಂದೆಯನ್ನು ಕೊಂದಿರುತ್ತಾನೆ, ತಾಯಿಯನ್ನೇ ಮದುವೆಯಾಗಿರುತ್ತಾನೆ. ಊರಿಗೆ ರೋಗ ಬಂದು, ಹಿಂದಿನ ದೊರೆಯನ್ನು ಕೊಂದವನು ಯಾರೆಂದು ಹುಡುಕುತ್ತಾ ಹೋಗಿ ನಿಜ ತಿಳಿದಾಗ ತನ್ನ ಕಣ್ಣು ತಾನೇ ಚುಚ್ಚಿಕೊಳ್ಳುತ್ತಾನೆ. ಇದಕ್ಕೆ ಅವನ ಗುಣ ಎಷ್ಟು ಕಾರಣ?

ಪರ: ಸಿಟ್ಟೇ ಅವನಿಗೆ ಮುಳುವಾಯಿತು

ಎಲ್ಲವನ್ನೂ ದೈವದ ತಲೆಗೆ ಕಟ್ಟುವುದು ಸುಲಭ. ಈಡಿಪಸ್ ನಡೆದ ದಾರಿಯನ್ನು ಸ್ವಲ್ಪ ನೋಡಿ. ಅವನು ಬೆಳೆದ ಕಾರಿಂಥ್‌ನಲ್ಲಿ ಔತಣದ ಹೊತ್ತಿಗೆ ಕುಡಿದವನೊಬ್ಬ ಅವನಿಗೆ, ನೀನು ನಿನ್ನಪ್ಪನ ಮಗನೇ ಅಲ್ಲ ಅಂದ. ಆ ಮಾತು ಒಳಗೇ ಕೊರೆಯಿತು. ಕೇಳಲು ಡೆಲ್ಫಿಗೆ, ಕಣಿ ಹೇಳುವ ಅಪೊಲೊ ದೇವರ ಗುಡಿಗೆ ಹೋದ. ಅಪೊಲೊ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ನೀನು ತಂದೆಯನ್ನು ಕೊಲ್ಲುತ್ತೀ, ತಾಯಿಯನ್ನು ಕೂಡುತ್ತೀ ಅಂತ ಮಾತ್ರ ಹೇಳಿದ. ಅಂದರೆ ತಂದೆ ಯಾರು ಅನ್ನುವ ಅನುಮಾನ ಹಾಗೇ ಉಳಿಯಿತು, ಅಲ್ವಾ? ಅಂಥವನು ಅಪ್ಪನ ವಯಸ್ಸಿನ ಯಾರ ಮೇಲೂ ಕೈ ಎತ್ತಬಾರದಿತ್ತು.

ಎತ್ತಿದ. ಮೂರು ದಾರಿ ಕೂಡುವಲ್ಲಿ ಒಂದು ಗಾಡಿ ಎದುರಾಯಿತು. ಗಾಡಿಯವನು ದಾರಿ ಬಿಡು ಅಂತ ತಳ್ಳಿದ. ಈಡಿಪಸ್ ಅವನಿಗೆ ಬಾರಿಸಿದ. ಗಾಡಿಯಲ್ಲಿದ್ದ ಮುದುಕ ಮುಳ್ಳುಗೋಲಿನಿಂದ ಇವನ ನೆತ್ತಿಗೆ ಹೊಡೆದ. ಮುಂದಿನ ಗಳಿಗೆಯಲ್ಲಿ ಮುದುಕ ಸತ್ತು ಬಿದ್ದಿದ್ದ. ಜೊತೆಗಿದ್ದವರನ್ನೂ ಇವನು ಬಿಡಲಿಲ್ಲ, ಒಬ್ಬ ಮಾತ್ರ ತಪ್ಪಿಸಿಕೊಂಡ. ಆ ಮುದುಕನೇ ಥೀಬ್ಸ್‌ನ ಹಿಂದಿನ ದೊರೆ ಲಾಯಿಯಸ್, ಹೆತ್ತ ತಂದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ದೊರೆಯಾದ ಮೇಲಾದರೂ ಸುಧಾರಿಸಿದನಾ? ಇಲ್ಲ. ಕುರುಡ ಕಣಿಗಾರ ಟೈರೀಸಿಯಸ್‌ನನ್ನು ಕೊಲೆಯ ಸಂಚುಗಾರ ಅಂದ. ಭಾಮೈದ ಕ್ರಿಯಾನ್‌ಗೆ ಗಡೀಪಾರು ಸಾಲದು, ಸಾಯಬೇಕು ಅಂದ. ತನ್ನ ಹುಟ್ಟಿನ ಗುಟ್ಟು ಬಲ್ಲ ಮುದಿ ಕುರುಬ ಬಾಯಿ ಬಿಡದಿದ್ದಾಗ ಅವನ ಕೈಗಳನ್ನು ಹಿಂದಕ್ಕೆ ತಿರುಚಿಸಿದ. ಕೇಳುವುದನ್ನು ನಿಲ್ಲಿಸು ಎಂದು ಹೆಂಡತಿ ಜೊಕಾಸ್ಟಾ ಬೇಡಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವನೇ ಒಪ್ಪುತ್ತಾನೆ: ಕಷ್ಟ ತಂದವನು ಅಪೊಲೊ, ಆದರೆ ಚುಚ್ಚಿದ ಕೈ ನನ್ನದು.

ವಿರೋಧ: ಮೂರು ದಿನದ ಕೂಸಿಗೆ ಯಾವ ದೋಷ?

ಮೊದಲು ಆ ಕೊನೆಯ ಮಾತು. ಅಲ್ಲಿ ಅವನು ತನ್ನದು ಅನ್ನುವುದು ಕಣ್ಣು ಚುಚ್ಚಿದ ಕೈಯನ್ನು ಮಾತ್ರ. ಉಳಿದದ್ದಕ್ಕೆ ಅದನ್ನು ಸಾಕ್ಷಿಯಾಗಿ ಎಳೆದು ತರುವುದು ಸರಿಯಲ್ಲ.

ಮಗ ಹುಟ್ಟಿದರೆ ಅವನ ಕೈಯಿಂದಲೇ ನಿನ್ನ ಸಾವು ಅಂತ ಲಾಯಿಯಸ್‌ಗೆ ದೈವವಾಣಿ ಮೊದಲೇ ಹೇಳಿತ್ತು. ಕೂಸು ಹುಟ್ಟಿ ಮೂರು ದಿನವಾಗುವುದರೊಳಗೆ ಕಾಲು ಬಿಗಿಸಿ ಬೆಟ್ಟದಲ್ಲಿ ಬಿಟ್ಟು ಬರಲು ಕೊಟ್ಟರು. ಆಗಲೇ ಅವನ ಹಣೆಬರಹ ಮುಗಿದಿತ್ತು. ಅವನಲ್ಲಿ ಆಗ ಯಾವ ಅಹಂಕಾರ ಇತ್ತು, ಯಾವ ಸಿಟ್ಟಿತ್ತು? ನಮ್ಮ ಪರೀಕ್ಷೆಯ ಗೈಡುಗಳಿಗೆ ಮಾತ್ರ ಒಬ್ಬ ನಾಯಕನಿಗೆ ಒಂದು ದೋಷ ಬೇಕೇ ಬೇಕು. ಮ್ಯಾಕ್‌ಬೆತ್‌ಗೆ ಅಧಿಕಾರದಾಸೆ, ಒಥೆಲೊಗೆ ಅನುಮಾನ, ಈಡಿಪಸ್‌ಗೆ ಗರ್ವ. ಬರೆದರೆ ಅಂಕ ಸಿಗುತ್ತದೆ, ಬಿಡಿ. ಅರಿಸ್ಟಾಟಲ್ ಹೇಳಿದ್ದೂ ಬೇರೆಯೇ. ಇಂಥ ನಾಯಕ ಕೆಟ್ಟತನದಿಂದಲ್ಲ, ಏನೋ ಒಂದು ತಪ್ಪಿನಿಂದ ಬೀಳುತ್ತಾನೆ ಎಂದು ಬರೆದು ಈಡಿಪಸ್‌ನನ್ನೇ ಉದಾಹರಣೆ ಕೊಟ್ಟ. ತನ್ನ ಹೆತ್ತವರು ಯಾರೆಂದು ಗೊತ್ತಿಲ್ಲದೆ ಮಾಡಿದ ತಪ್ಪು ಅದು.

ನಾಟಕದೊಳಗೆ ಸಿಟ್ಟು ಧಾರಾಳವಾಗಿದೆ, ಇಲ್ಲ ಅನ್ನಲ್ಲ. ಅದರಿಂದ ಏನು ಬದಲಾಯಿತು ಹೇಳಿ. ಕ್ರಿಯಾನ್‌ನನ್ನು ಬೈದ, ಆದರೆ ಜೊಕಾಸ್ಟಾ ಮತ್ತು ಊರ ಹಿರಿಯರು ಕೇಳಿಕೊಂಡಾಗ ಬಿಟ್ಟ. ಟೈರೀಸಿಯಸ್‌ನ ಮೇಲೆ ರೇಗಿದ. ಊರು ರೋಗದಿಂದ ಸಾಯುತ್ತಿದೆ, ಕಾರಣ ಗೊತ್ತಿದ್ದವನು 'ನಾನು ಹೇಳಲ್ಲ' ಅನ್ನುತ್ತಾನೆ. ಯಾವ ದೊರೆ ಸುಮ್ನೆ ಇರುತ್ತಾನೆ? ನಿಜ ಬಯಲಿಗೆ ಬಂದದ್ದು ಸಿಟ್ಟಿನಿಂದಲೂ ಅಲ್ಲ. ಈಡಿಪಸ್ ಅಪ್ಪನೆಂದು ನಂಬಿದ್ದ ಕಾರಿಂಥ್ ದೊರೆ ಪೊಲಿಬಸ್ ಸತ್ತ, ಇನ್ನು ಕಾರಿಂಥ್‌ಗೂ ನೀನೇ ದೊರೆ ಎಂದು ಹೇಳಲು ಒಬ್ಬ ದೂತ ಬರುತ್ತಾನೆ. ಅಲ್ಲಿರುವ ತಾಯಿಯ ಬಗ್ಗೆ ಈಡಿಪಸ್‌ಗೆ ಇನ್ನೂ ಭಯ. ಅವನಿಗೆ ಸಮಾಧಾನ ಮಾಡಲು ದೂತ, ಅವರು ನಿನ್ನ ಹೆತ್ತವರಲ್ಲ, ನಿನ್ನನ್ನು ಅವರಿಗೆ ಕೊಟ್ಟವನು ನಾನೇ ಅಂದುಬಿಡುತ್ತಾನೆ. ಒಳ್ಳೆಯದಾಗಲಿ ಅಂತ ಆಡಿದ ಆ ಮಾತಿನಿಂದಲೇ ಎಲ್ಲ ಕುಸಿಯಿತು.

ಅಲ್ಲಿಗೆ ಅವನು ನಿಲ್ಲಿಸಬಹುದಿತ್ತಂತೆ. ನಿಲ್ಲಿಸಿದರೆ ಊರಿನ ರೋಗ? ಲಾಯಿಯಸ್‌ನ ಕೊಲೆಗಾರನನ್ನು ಹೊರಹಾಕುವವರೆಗೂ ಅದು ಹೋಗದು ಅಂತ ಡೆಲ್ಫಿ ಹೇಳಿತ್ತು. ಅವನನ್ನು ಕೆಡಿಸಿದ್ದು ಗುಣವೇ ಅನ್ನುವುದಾದರೆ ಅದು ಅವನ ಅತ್ಯುತ್ತಮ ಗುಣ. ಜನರಿಗೆ ಕೊಟ್ಟ ಮಾತನ್ನು ಅರ್ಧಕ್ಕೆ ಬಿಡಲಿಲ್ಲ.

ಮೂರು ದಾರಿಯ ಕೊಲೆ ಉಳಿಯಿತು. ಸೊಫೊಕ್ಲಿಸ್ ಇದಕ್ಕೂ ಮತ್ತೆ ಬಂದ. ನಾಟಕಕಾರ ಸತ್ತ ಮೇಲೆ, ಕ್ರಿ.ಪೂ. 401ರಲ್ಲಿ ಆಡಿದ ಅವನದೇ 'ಕೊಲೊನಸ್‌ನಲ್ಲಿ ಈಡಿಪಸ್' ನಾಟಕದಲ್ಲಿ ಮುದಿ ಈಡಿಪಸ್ ಕ್ರಿಯಾನ್‌ಗೆ ಕೇಳುತ್ತಾನೆ: ಈಗ ಯಾರೋ ಬಂದು ನಿನ್ನನ್ನು ಕೊಲ್ಲಲು ಕೈ ಎತ್ತಿದರೆ, ನೀನು ನನ್ನ ಅಪ್ಪನಾ ಅಂತ ವಿಚಾರಿಸುತ್ತೀಯೋ, ತಿರುಗಿ ಹೊಡೆಯುತ್ತೀಯೋ? ಕ್ರಿಯಾನ್ ಇದಕ್ಕೆ ಉತ್ತರ ಕೊಡುವುದಿಲ್ಲ. ಪರ ವಾದಿಸುವವರು ಕೊಡಲಿ.