ಸ್ವಿಟ್ಜರ್ಲೆಂಡ್ ಟ್ರಿಪ್‌ನಲ್ಲಿ ಜಿನೀವಾ ಬೇಕಾ, ಬೇಡ್ವಾ?

ಪರ: ಹಿಮ ಎಲ್ಲಾದರೂ ಸಿಗುತ್ತೆ, ಈ ಊರು ಸಿಗಲ್ಲ

ನಮ್ಮ ಟೂರ್ ಕಂಪನಿಗಳ ಪಟ್ಟಿ ನೋಡಿ. ಜ್ಯೂರಿಕ್, ಲೂಸರ್ನ್, ಹಿಮದ ಬೆಟ್ಟಗಳಾದ ಟಿಟ್ಲಿಸ್, ಯುಂಗ್‌ಫ್ರಾವ್. ಜಿನೀವಾ ಇದ್ದರೂ ಬಸ್ಸಿಂದ ಇಳಿದು, ಹೂವಿನ ಗಡಿಯಾರದ ಮುಂದೆ ಫೋಟೊ ತೆಗೆಸಿಕೊಂಡು, ಮತ್ತೆ ಬಸ್ ಹತ್ತುವಷ್ಟು ಹೊತ್ತು. ನನಗೆ ಇದನ್ನು ನೋಡಿದರೆ ಸಿಟ್ಟು ಬರುತ್ತದೆ.

ಹಿಮ ಬೇಕಿದ್ದರೆ ಆ ದೇಶದಲ್ಲಿ ಎಲ್ಲಿ ತಿರುಗಿದರೂ ಇದೆ. ಮನಾಲಿಯಲ್ಲೂ ಇದೆ. ಆದರೆ ರೆಡ್‌ಕ್ರಾಸ್ ಹುಟ್ಟಿದ್ದು 1863ರಲ್ಲಿ ಇದೇ ಊರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಇರುವುದು ಇಲ್ಲಿ. ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್‌ನ ಮೊದಲ ಪ್ರಸ್ತಾವ ಬರೆದದ್ದು ಊರಂಚಿನ ಸರ್ನ್ ಎನ್ನುವ ಫಿಸಿಕ್ಸ್ ಪ್ರಯೋಗಾಲಯದಲ್ಲಿ. ಇಷ್ಟೆಲ್ಲ ಇರುವ ಊರಿನ ಜನಸಂಖ್ಯೆ ಎರಡು ಲಕ್ಷದ ಆಸುಪಾಸು.

ಕಾರ್ನವಾ ಸ್ಟೇಷನ್‌ನಿಂದ 15ನೇ ನಂಬರ್ ಟ್ರಾಮ್ ಹತ್ತಿ ನಾಸ್ಯೋ ಸ್ಟಾಪ್‌ನಲ್ಲಿ ಇಳಿಯಿರಿ. ಎದುರಿಗೇ 12 ಮೀಟರ್ ಎತ್ತರದ ಮರದ ಕುರ್ಚಿ. ಅದರ ಒಂದು ಕಾಲು ಅರ್ಧಕ್ಕೇ ಸಿಡಿದುಹೋದಂತಿದೆ. ನೆಲಬಾಂಬ್‌ಗಳಿಂದ ಕಾಲು ಕಳೆದುಕೊಂಡವರ ನೆನಪಿಗೆ 1997ರಲ್ಲಿ ನಿಲ್ಲಿಸಿದ್ದು. ಅದರ ಹಿಂದೆ ಧ್ವಜಗಳ ಸಾಲು, ವಿಶ್ವಸಂಸ್ಥೆಯ ಕಚೇರಿ ಪಾಲೆ ದೆ ನಾಸ್ಯೋ. ಒಳಗೆ ಹೋಗಲು ಮೊದಲೇ ಬುಕ್ ಮಾಡಿ, ಪಾಸ್‌ಪೋರ್ಟ್ ಜೊತೆಗಿರಲಿ. ಆವರಣದಲ್ಲಿ ನವಿಲುಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ. ಆ ಜಾಗವನ್ನು ಊರಿಗೆ ಬರೆದುಕೊಟ್ಟ ಪುಣ್ಯಾತ್ಮ ನವಿಲು ಇರಲೇಬೇಕು ಅಂತ ಷರತ್ತು ಹಾಕಿದ್ದನಂತೆ.

ಹಳೇ ಪೇಟೆ ದಿಬ್ಬದ ಮೇಲಿದೆ, ನಡೆದೇ ನೋಡಬೇಕು. ಸೇಂಟ್ ಪಿಯೆರ್ ಚರ್ಚಿನ ಗೋಪುರಕ್ಕೆ 157 ಮೆಟ್ಟಿಲು. ಕ್ರೈಸ್ತ ಧರ್ಮಸುಧಾರಕ ಕಾಲ್ವಿನ್ ಉಪದೇಶ ಮಾಡಿದ್ದು ಇಲ್ಲೇ. ಅವನು ಒಡವೆ ಹಾಕಬಾರದು ಅಂದಿದ್ದಕ್ಕೇ ಅಲ್ಲಿನ ಅಕ್ಕಸಾಲಿಗರು ಗಡಿಯಾರದ ಕಸುಬಿಗೆ ತಿರುಗಿದರು ಅಂತಾರೆ. ಅಲ್ಲಿಂದ ಇಳಿದು ತ್ರೇಯ್ ಎನ್ನುವ ಕಟ್ಟೆಗೆ ಬನ್ನಿ. ಅಲ್ಲೊಂದು ಚೆಸ್ಟ್‌ನಟ್ ಮರ ಇದೆ. ಅದರ ಮೊದಲ ಚಿಗುರು ಕಂಡ ದಿನವನ್ನು ಸರ್ಕಾರಿ ಅಧಿಕಾರಿಯೊಬ್ಬರು ಪುಸ್ತಕದಲ್ಲಿ ಬರೆದಿಡುತ್ತಾರೆ. ಅವತ್ತಿಗೆ ವಸಂತ ಬಂತು ಅಂತ ಲೆಕ್ಕ. 1818ರಿಂದಲೂ ಹೀಗೇ! ಇಂಥ ಕೆಲಸಕ್ಕೂ ಒಬ್ಬ ಅಧಿಕಾರಿ ಇರುವ ಊರನ್ನು ಅರ್ಧ ಗಂಟೆಯಲ್ಲಿ ಮುಗಿಸೋದಾ?

ನಾನು ಅಲ್ಲಿಗೆ ಹೋದದ್ದು ಅಪ್ಪನ ಜೊತೆ. ಅಪ್ಪ ಪಿಯು ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದವರು. 18ನೇ ಟ್ರಾಮಿನ ಕೊನೇ ಸ್ಟಾಪೇ ಸರ್ನ್. ಅಲ್ಲಿ ಕೆಲಸ ಮಾಡುವ ನೆಂಟರ ಹುಡುಗ ನಮ್ಮನ್ನು ಒಳಗೆ ಕರೆದುಕೊಂಡು ಹೋದ. ಎರಡು ಕಟ್ಟಡಗಳ ನಡುವೆ ಎರಡು ಮೀಟರ್ ಎತ್ತರದ ನಟರಾಜ. 2004ರಲ್ಲಿ ಭಾರತ ಸರ್ಕಾರ ಕೊಟ್ಟದ್ದು. ಅಪ್ಪ ಶೂ ಬಿಚ್ಚಲು ಬಗ್ಗಿದರು. ಸುತ್ತ ನೋಡಿ, ಯಾರೂ ಬಿಚ್ಚಿಲ್ಲ ಅಂತ ಮತ್ತೆ ಎದ್ದು ನಿಂತರು. ಆಮೇಲೆ ಹುಡುಗನಿಗೆ ಪಾಠ ಒಪ್ಪಿಸುವಂತೆ, "ನೆಲದಡಿ ಕಣಗಳನ್ನು ಓಡಿಸೋ ಯಂತ್ರ, 27 ಕಿಲೋಮೀಟರ್ ಸುತ್ತಳತೆ. ಪ್ರೋಟಾನು ಸೆಕೆಂಡಿಗೆ 11 ಸಾವಿರ ಸುತ್ತು ಹಾಕುತ್ತೆ, ಅಲ್ವೇನಪ್ಪಾ?" ಅಂದರು. ಅವನು ಹೌದು ಅಂಕಲ್ ಅಂದ. ಆ ಟ್ರಿಪ್‌ನಲ್ಲಿ ಅಪ್ಪ ಯುಂಗ್‌ಫ್ರಾವ್‌ಗೂ ಬಂದಿದ್ದರು. ಅಲ್ಲಿ ಅವರು ಆಡಿದ್ದು ಒಂದೇ ಮಾತು, "ಚಳಿ".

ನಮ್ಮ ನಿಮ್ಮಂಥವರಿಗಾಗಿ ಸರ್ನ್‌ನವರು 2023ರಲ್ಲಿ ಸೈನ್ಸ್ ಗೇಟ್‌ವೇ ಎನ್ನುವ ವಿಜ್ಞಾನ ಪ್ರದರ್ಶನ ಕೇಂದ್ರ ತೆರೆದಿದ್ದಾರೆ. ಪ್ರವೇಶ ಉಚಿತ, ಸೋಮವಾರ ರಜ.

ದುಬಾರಿ ಅಂತ ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಇವರೇ ಟಿಟ್ಲಿಸ್ ಕೇಬಲ್ ಕಾರಿಗೆ ಕೇಳಿದಷ್ಟು ಕೊಟ್ಟು ಬಂದವರು. ಇಲ್ಲಿ ಹೋಟೆಲಲ್ಲಿ ಉಳಿದವರಿಗೆ ಬಸ್, ಟ್ರಾಮ್, ಕೆರೆ ದಾಟಿಸುವ ಹಳದಿ ದೋಣಿ ಎಲ್ಲಕ್ಕೂ ಸೇರಿಸಿ ಒಂದು ಫ್ರೀ ಪಾಸ್ ಸಿಗುತ್ತದೆ. ಕುಡಿಯುವ ನೀರು ಬೀದಿ ನಲ್ಲಿಗಳಲ್ಲೇ ಬರುತ್ತದೆ. ಇನ್ನೇನು ಬೇಕು?

ವಿರೋಧ: ಕೆರೆ ಬೇಕು, ಆದರೆ ಆ ತುದಿ

ವಿರೋಧ ಬರೆಯಲು ಯಾರೂ ಸಿಗಲಿಲ್ಲವಂತೆ, ನನಗೆ ಹೇಳಿದರು. ಜಿನೀವಾ ಕೆಟ್ಟ ಊರೇನಲ್ಲ. ಕೆರೆಯಂತೂ ಸೊಗಸು. ಆದರೆ ಬರೀತೀನಿ ಅಂದಮೇಲೆ ಬರೆಯಬೇಕಲ್ಲ.

ಪರ ಬರೆಯುವವರು ಬಸ್ ಫ್ರೀ, ಮ್ಯೂಸಿಯಂ ಫ್ರೀ ಅಂತಾರೆ, ಗೊತ್ತು. ಬಸ್ ಫ್ರೀ ಬೇಕಿದ್ದರೆ ನನ್ನ ಹೆಂಡತಿ ಷೆಂಗನ್ ವೀಸಾ ಯಾಕೆ ಮಾಡಿಸಬೇಕು? ಕೆಎಸ್‌ಆರ್‌ಟಿಸಿ ಇದೆಯಲ್ಲ. ಮಿಕ್ಕದ್ದು ಆಫೀಸುಗಳು. ಆಫೀಸಿಗೆ ರಜ ಹಾಕಿ ಹೋಗಿ ಬೇರೆಯವರ ಆಫೀಸಿನ ಗೇಟ್ ನೋಡಿಕೊಂಡು ಬರೋದು ಯಾವ ಸುಖ?

ನಾವು ಹೋದದ್ದು ಅತ್ತೆಯವರ ಆಸೆಗೆ. ಟೀವಿಯಲ್ಲಿ ಜಿನೀವಾ ಕೆರೆಯ ಕಾರಂಜಿ ನೋಡಿದ್ದರು. 140 ಮೀಟರ್ ಎತ್ತರ, ಸೆಕೆಂಡಿಗೆ 500 ಲೀಟರ್ ನೀರು. ಅದರ ಮೂಲ ಗೊತ್ತಾ? ಕಾರ್ಖಾನೆಗಳ ಯಂತ್ರ ಓಡಿಸಲು ಒತ್ತಡದ ನೀರು ಕೊಡುತ್ತಿದ್ದ ಸ್ಥಾವರ ಒಂದಿತ್ತು. ಸಂಜೆ ಯಂತ್ರ ನಿಂತಾಗ ಹೆಚ್ಚಾದ ಒತ್ತಡ ಬಿಡೋಕೆ 1886ರಲ್ಲಿ ಮಾಡಿದ ದಾರಿ ಅದು. ಕುಕ್ಕರ್ ಸೀಟಿ ಅಂದುಕೊಳ್ಳಿ. ಜನಕ್ಕೆ ಇಷ್ಟವಾಯಿತು ಅಂತ 1891ರಲ್ಲಿ ಈಗಿನ ಜಾಗಕ್ಕೆ ತಂದರು.

ನಾವು ಹೋದ ದಿನ ಬೀಸ್ ಬೀಸುತ್ತಿತ್ತು. ಈಶಾನ್ಯದ ಆ ಚಳಿಗಾಳಿಗೆ ಅವರು ಇಟ್ಟ ಹೆಸರೇ ಅದು. ಗಾಳಿ ಜಾಸ್ತಿಯಾದರೆ ಕಾರಂಜಿ ನಿಲ್ಲಿಸುತ್ತಾರೆ. ದಡದಲ್ಲಿ ನಿಂತು ಅತ್ತೆ ಶಾಲು ಬಿಗಿ ಮಾಡಿಕೊಂಡು, "ಎಲ್ಲಿ ಅಳಿಯಂದ್ರೆ ಕಾರಂಜಿ?" ಅಂದರು. ನೀರೊಳಗೆ ಚಾಚಿಕೊಂಡ ಕಲ್ಲಿನ ಕಟ್ಟೆ ತೋರಿಸಿದೆ. ಅವರು ಕಟ್ಟೆ ನೋಡಿದರು, ನನ್ನನ್ನು ನೋಡಿದರು.

ಅದು ಸಾಲದು ಅಂತ ಅವತ್ತು ಭಾನುವಾರ. ಅತ್ತೆ ಹೋಟೆಲಿನದು ತಿನ್ನಲ್ಲ. ಮೊಸರು, ಬಾಳೆಹಣ್ಣು ಆದರೆ ಸಾಕು. ಊರ ತುಂಬ ಅಂಗಡಿ ಬಾಗಿಲು ಹಾಕಿತ್ತು. ಕೊನೆಗೆ ರೈಲ್ವೆ ಸ್ಟೇಷನ್ನಿನ ಅಂಗಡಿ ತೆರೆದಿತ್ತು, ಊರಿಗೆ ಊರೇ ಅಲ್ಲಿ ಕ್ಯೂ ನಿಂತಿತ್ತು. ಮೊಸರು ಸಿಕ್ಕಿತು, ಸ್ಟ್ರಾಬೆರಿ ಹಾಕಿದ್ದು.

ಇನ್ನು ದೂರದ ಲೆಕ್ಕ. ಜಿನೀವಾ ದೇಶದ ಪಶ್ಚಿಮದ ಮೂಲೆ, ಸುತ್ತ ಫ್ರಾನ್ಸ್. ಯುಂಗ್‌ಫ್ರಾವ್‌ಗೆ ಹೋಗುವ ದಾರಿಯ ಇಂಟರ್‌ಲಾಕನ್‌ಗೆ ರೈಲಲ್ಲಿ ಹೆಚ್ಚುಕಡಿಮೆ ಮೂರು ಗಂಟೆ. ವಾರದ ರಜದಲ್ಲಿ ಹೋಗಿ ಬರಲೇ ಒಂದು ದಿನ ಕಳೆಯುತ್ತದೆ.

ಕೆರೆಯೇ ಬೇಕಿದ್ದರೆ ಇನ್ನೊಂದು ತುದಿಗೆ ಹೋಗಿ. ವೆವೆ ಎನ್ನುವ ಊರಲ್ಲಿ ಚಾರ್ಲಿ ಚಾಪ್ಲಿನ್ ಪ್ರತಿಮೆ ಇದೆ, ನೀರಲ್ಲಿ ನೆಟ್ಟ ಎಂಟು ಮೀಟರ್ ಫೋರ್ಕ್ ಇದೆ. ದಾರಿಯುದ್ದಕ್ಕೂ ಲಾವೋ ದ್ರಾಕ್ಷಿತೋಟಗಳು. ಮಾಂಟ್ರೋ ಪಕ್ಕ ಶಿಯೋಂ ಕೋಟೆ. ಅತ್ತೆಗೆ ಫೋರ್ಕ್ ಬಹಳ ಹಿಡಿಸಿತು. ಗಾಳಿ ಬಂದರೂ ಅದನ್ನು ನಿಲ್ಲಿಸೋ ಹಾಗಿಲ್ಲವಲ್ಲ.

ಜಿನೀವಾದಲ್ಲೇ ವಿಮಾನ ಇಳಿದರೆ ಏರ್‌ಪೋರ್ಟಿನ ಕೆಳಗೇ ರೈಲ್ವೆ ಸ್ಟೇಷನ್ ಇದೆ. ಮಾಂಟ್ರೋ ಕಡೆ ಹೋಗುವ ರೈಲು ಹತ್ತಿ, ಬಲಗಡೆ ಕಿಟಕಿ ಹಿಡಿಯಿರಿ. ಕೆರೆ ಆ ಕಡೆಗೇ ಬರುತ್ತದೆ.